ಹೊಳಪಮ್ಮನ ಕೈಗೆ ಬಂದ ಗಾಡಿ

ಆರು ವರ್ಷ ಮರದ ಕೆಳಗೆ ನಿಂತಲ್ಲೇ ನಿಂತಿದ್ದ ಪಿಕಪ್ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದು ಹೊಳಪಮ್ಮನ ಶೆಡ್ಡಿನ ಮುಂದೆ ಬಿಟ್ಟದ್ದು ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗದ ಹೊತ್ತಿಗೆ. ಗ್ಯಾರೇಜುಗಳ ಸಾಲಿನವರೆಲ್ಲ ಚಹಾದ ಲೋಟ ಹಿಡಿದುಕೊಂಡೇ ಬಂದು ನೋಡಿದರು. ಇದಕ್ಕೆ ಪಾಲಿಶ್ ಹಾಕುವುದಕ್ಕಿಂತ ಗೊಬ್ಬರ ಹಾಕಿದರೆ ಚಿಗುರೀತು ಎಂದು ಟೈರಿನವನು ನಕ್ಕ. ಅವನ ಮಾತು ಪೂರ್ತಿ ತಮಾಷೆಯೇನೂ ಆಗಿರಲಿಲ್ಲ. ಕಿಟಕಿಯ ರಬ್ಬರಿನ ಸಂದಿಯಲ್ಲಿ ಪಾಚಿ ಕಟ್ಟಿತ್ತು, ವೈಪರಿನ ಬುಡದಲ್ಲಿ ಯಾವುದೋ ಬೀಜ ಮೊಳೆತು ಎರಡೆಲೆ ಬಿಟ್ಟಿತ್ತು, ಚಾವಣಿಯ ಮೇಲೆ ಹಕ್ಕಿಗಳ ಹಿಕ್ಕೆ ಪದರ ಪದರವಾಗಿ ಗಟ್ಟಿಯಾಗಿತ್ತು. ಹಿಂದಿನ ತೊಟ್ಟಿಯಲ್ಲಂತೂ ಪುದೀನ ಮೊಣಕಾಲೆತ್ತರ ಬೆಳೆದಿತ್ತು. ಅದು ಮಾತ್ರ ತಾನಾಗಿ ಬೆಳೆದದ್ದಲ್ಲ, ಗಾಡಿಯ ಮಾಲೀಕನ ಹೆಂಡತಿ ಮಣ್ಣು ತುಂಬಿ ಹಾಕಿದ್ದು.

ಮಾಲೀಕ ನೀರಿನ ಪಂಪು ರಿಪೇರಿ ಮಾಡುವವನು. ಎತ್ತರದಿಂದ ಬಿದ್ದು ಬೆನ್ನು ಮುರಿದುಕೊಂಡು ಆರು ವರ್ಷ ಹಾಸಿಗೆ ಹಿಡಿದಿದ್ದ. ಈಗ ಕೋಲೂರಿಕೊಂಡು ಎದ್ದಿದ್ದಾನೆ. ಎಂಜಿನ್ನು, ಬ್ರೇಕು, ಗೇರು ಎಲ್ಲವನ್ನೂ ಪಕ್ಕದ ಗ್ಯಾರೇಜಿನವರು ನೋಡಿಕೊಳ್ಳುತ್ತಾರೆ, ಮೈ ಒಂದನ್ನು ನೀವು ನೋಡಿಕೊಡಿ ಎಂದು ಹೊಳಪಮ್ಮನನ್ನು ಕೇಳಿಕೊಂಡ. ಮೊದಲಿನ ಹಾಗೆ ಆಗದಿದ್ದರೂ ಪರವಾಗಿಲ್ಲ, ನನ್ನ ಗಾಡಿಯೆಂದು ಗುರುತು ಸಿಕ್ಕರೆ ಸಾಕು ಎಂದ.

ಹೊಳಪಮ್ಮ ಬಲಗೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ತೊಟ್ಟುಕೊಂಡು ಬಾನೆಟ್ಟಿನ ಮೇಲೆ ನಿಧಾನವಾಗಿ ಕೈಯಾಡಿಸಿದಳು. ಬರಿಗೈಗೆ ನಯವೆನಿಸುವ ಬಣ್ಣ ಚೀಲದೊಳಗಿನ ಕೈಗೆ ಮರಳುಕಾಗದದ ಹಾಗೆ ತಿಳಿಯುತ್ತದೆ. ಅವಳ ಗಂಡ ಹೇಳಿಕೊಟ್ಟ ಉಪಾಯ ಅದು. ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಯವರೆಗೆ ಸವರಿ, ಹತ್ತು ದಿನ ಬೇಕು ಎಂದಳು.

ಅವಳ ನಿಜವಾದ ಹೆಸರು ಆ ಸಾಲಿನಲ್ಲಿ ಯಾರಿಗೂ ನೆನಪಿರಲಿಲ್ಲ. ಮೊದಲು ಅವಳು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಗಂಡ ಗಾಡಿಗಳಿಗೆ ಬಣ್ಣ ಹೊಡೆಯುವವನು. ಅವನು ಹೊಡೆದ ಬಣ್ಣಕ್ಕೆ ಪಾಲಿಶ್ ಮಾಡುವವರು ಸಿಗದೆ ಒದ್ದಾಡುತ್ತಿದ್ದಾಗ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆಯ ಮೇಲೆ ಆಡಿಸಿದ ಕೈಗೆ ಇದೇನು ಮಹಾ ಎಂದು ಇವಳೇ ಮೆಷಿನ್ ಹಿಡಿದಳು. ಅದಾಗಿ ಇಪ್ಪತ್ತೆರಡು ವರ್ಷ. ಗಂಡ ತೀರಿಕೊಂಡು ಹನ್ನೊಂದು ವರ್ಷವಾದರೂ ಮೆಷಿನ್ ನಿಲ್ಲಲಿಲ್ಲ. ಮದುವೆಯ ಕಾರುಗಳು, ಶಾಲೆಯ ವ್ಯಾನುಗಳು, ಡಾಕ್ಟರುಗಳ ಸ್ಕೂಟರುಗಳು ಅವಳ ಕೈದಾಟಿ ಹೋದವು.

ಆದರೆ ಈಗ ಮೂರು ವರ್ಷದಿಂದ ಹೊಳಪಮ್ಮನಿಗೆ ಸರಿಯಾಗಿ ಕಣ್ಣು ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇದು ಗೊತ್ತಿದ್ದದ್ದು ಅವಳ ಜೊತೆಗೇ ಇದ್ದ ತಂಗಿಗೆ ಮಾತ್ರ. ತಂಗಿ ಬಟ್ಟೆ ಹೊಲಿಯುವವಳು. ಅಕ್ಕ ಚಹಾವನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದ ದಿನವೇ ಕೈ ಹಿಡಿದು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಆಪರೇಷನ್ನಿಗೆ ಎರಡು ಸಲ ದಿನ ಗೊತ್ತಾಯಿತು. ಎರಡು ಸಲವೂ ಹೊಳಪಮ್ಮ ಏನೋ ಸಬೂಬು ಹೇಳಿ ತಪ್ಪಿಸಿಕೊಂಡಳು. ಕಣ್ಣಿಗೆ ಕತ್ತಿ ಹಾಕುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಪಾಲಿಶ್ ಮಾಡುವವಳಿಗೆ ಕಣ್ಣಿಲ್ಲವೆಂದು ಸಾಲಿನಲ್ಲಿ ಸುದ್ದಿಯಾದರೆ ಯಾರು ತಾನೇ ಗಾಡಿ ತಂದಾರು ಎಂಬುದು ಇನ್ನೊಂದು ಕಡೆ.

ನಿಜ ಹೇಳಬೇಕೆಂದರೆ ಆ ಮಬ್ಬು ಅವಳಿಗೆ ಒಗ್ಗಿಹೋಗಿತ್ತು. ಬೀದಿಯ ದೀಪಗಳು ಹತ್ತಿಯ ಉಂಡೆಗಳ ಹಾಗೆ ತೇಲುತ್ತಿದ್ದವು. ಮನುಷ್ಯರು ದನಿಯಾಗಿ ಮೊದಲು ಬಂದು, ಆಮೇಲೆ ನೆರಳಾಗಿ, ಕೊನೆಗೆ ಮುಖವಾಗುತ್ತಿದ್ದರು. ಎಲ್ಲ ಬಣ್ಣಗಳೂ ಹಾಲು ಹಾಕಿದ ಚಹಾದಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದವು.

ಪಿಕಪ್ಪಿನ ಕೆಲಸ ಪುದೀನದಿಂದ ಶುರುವಾಯಿತು. ಪಂಪಿನವನ ಹೆಂಡತಿ ಬುಟ್ಟಿ ತಂದು ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು, ಒಂದು ಹಿಡಿ ಹೊಳಪಮ್ಮನಿಗೆಂದು ಚಾಚಿದಳು. ಹೊಳಪಮ್ಮ ಎದುರಿಗಿದ್ದವಳನ್ನೇ ನೋಡುತ್ತ, ಯಾರಮ್ಮಾ ಅದು ಎಂದು ಕೇಳಿದಳು. ಹೆಂಡತಿ ಅವಳ ಕಣ್ಣುಗಳನ್ನೊಮ್ಮೆ ನೋಡಿ, ನಾನೇ, ಪುದೀನ ತಗೊಳ್ಳಿ ಎಂದು ಕೈಗಿಟ್ಟು ಹೋದಳು.

ಆಮೇಲೆ ನೀರು. ಮೊದಲ ದಿನವೆಲ್ಲ ಬರೀ ನೀರು. ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಅದು ನೆನೆದು ತಾನಾಗಿ ಬಿಡುವ ತನಕ ಕಾದಳು. ಕೆರೆದರೆ ಬಣ್ಣವೂ ಎದ್ದು ಬರುತ್ತದೆ. ಮರದ ಅಂಟು ಅಲ್ಲಲ್ಲಿ ಗುಂಡಿಯಂತೆ ಗಟ್ಟಿಯಾಗಿತ್ತು. ಅದಕ್ಕೆ ಸ್ಪಿರಿಟ್ಟಿನ ಹತ್ತಿ ಇಟ್ಟು ಕರಗಿಸಿದಳು. ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದಲೂ ಐಸ್‌ಕ್ರೀಮಿನ ಕಡ್ಡಿಯಿಂದಲೂ ಬಿಡಿಸಿದಳು. ವೈಪರಿನ ಬುಡದ ಎರಡೆಲೆಯ ಗಿಡವನ್ನು ಕಿತ್ತೆಸೆಯಲು ಮನಸ್ಸು ಬಾರದೆ, ಒಡೆದ ಲೋಟದಲ್ಲಿ ಮಣ್ಣು ಹಾಕಿ ನೆಟ್ಟು ಕಿಟಕಿಯಲ್ಲಿಟ್ಟಳು. ನಾಲ್ಕೇ ದಿನಕ್ಕೆ ಅದು ಒಣಗಿಹೋಯಿತು.

ಚಕ್ರದ ಕಮಾನಿನ ಒಳಬದಿಯ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಬಳಿದು ಒಣಗಲು ಬಿಟ್ಟಳು. ಹಳದಿಗಟ್ಟಿದ ಹೆಡ್‌ಲೈಟುಗಳನ್ನು ನೀರು ಹಾಕಿ ಉಜ್ಜುವ ನಯವಾದ ಮರಳುಕಾಗದದಿಂದ ಗಂಟೆಗಟ್ಟಲೆ ತಿಕ್ಕಿದಳು. ಆ ದಿನ ಊಟ ತಂದುಕೊಟ್ಟ ತಂಗಿ, ಗಾಡಿಯ ಕಣ್ಣಿಗೆ ಆಪರೇಷನ್ ಮಾಡುತ್ತೀಯ, ನಿನ್ನದಕ್ಕೆ ಮಾತ್ರ ಮುಹೂರ್ತ ಕೂಡಿಬರುವುದಿಲ್ಲ ಎಂದು ಚುಚ್ಚಿದಳು. ಹೊಳಪಮ್ಮ ಕೇಳಿಸದವಳಂತೆ ತಿಕ್ಕುತ್ತಲೇ ಇದ್ದಳು.

ಆರನೆಯ ದಿನದಿಂದ ಕೆಲಸ ಕನಸಿನ ಹಾಗೆ ಸಾಗಿತು. ಕ್ಲೇ ಎಂದು ಕರೆಯುವ, ಕಣಕದಷ್ಟು ಮೆತ್ತಗಿನ ಉಂಡೆಯನ್ನು ಸೋಪಿನ ನೀರು ಚಿಮುಕಿಸಿ ಉಜ್ಜುತ್ತ ಹೋದರೆ, ಮೊದಲು ಸರಸರ ಎನ್ನುತ್ತಿದ್ದ ಬಣ್ಣ ಬರಬರುತ್ತ ದನಿ ಕಳೆದುಕೊಂಡು ಕೊನೆಗೆ ಮೌನವಾಗುತ್ತದೆ. ಆ ಮೌನ ಕೈಗೆ ಸಿಕ್ಕ ಮೇಲೆ ಕಾಂಪೌಂಡ್ ಎನ್ನುವ ಪಾಲಿಶ್ ಪೇಸ್ಟ್ ಹಚ್ಚಿ ಮೆಷಿನ್ ಆಡಿಸಿದಳು. ಮೆಷಿನ್ನಿನ ಗುಂಯ್‌ಗುಡುವಿಕೆಯಲ್ಲಿ ಬೀದಿಯ ಸದ್ದೆಲ್ಲ ಮುಳುಗಿಹೋಗುತ್ತಿತ್ತು. ಆರು ವರ್ಷದ ಬಿಸಿಲು ತಿಂದ ಬಣ್ಣದ ಪುಡಿ ಸ್ಪಂಜಿನ ಪ್ಯಾಡಿಗೆ ಅಂಟಿಕೊಂಡು ಬರುತ್ತಿತ್ತು. ಎಷ್ಟೋ ಸಲ ಅವಳು ತಾನು ಗಾಡಿಯನ್ನು ಸವರುತ್ತಿದ್ದೇನೋ ಅಥವಾ ಕಾಲುವೆಯ ನೀರಲ್ಲಿ ಕೈಯಿಟ್ಟು ಕೂತಿದ್ದೇನೋ ತಿಳಿಯದೆ ಹಾಗೇ ಇದ್ದುಬಿಡುತ್ತಿದ್ದಳು.

ಗಾಡಿಯ ಬಣ್ಣ ಯಾವುದು ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಅವಳ ಮಟ್ಟಿಗೆ ಅದು ಬೂದಿಯ ಬಣ್ಣದ ಗಾಡಿ.

ಎಂಟನೆಯ ದಿನ ಎಡಭಾಗದ ಬಾಗಿಲಿನ ಸರದಿ ಬಂತು. ಆ ಕಡೆ ಗೋಡೆ, ಬೆಳಕು ಕಮ್ಮಿ. ಕೆಲಸದ ನಡುವೆ ಪ್ಯಾಡ್ ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಕೊಡವಿ, ಅಂಗೈಯಿಂದ ಸವರಿ, ಮರಳು ಉಳಿದಿಲ್ಲವೆಂದುಕೊಂಡು ಮತ್ತೆ ಮೆಷಿನ್ನಿಗೆ ಹಾಕಿದಳು. ಹತ್ತನೆಯ ದಿನ ಮೇಣ ಹಚ್ಚಿ ಒರೆಸಿದಾಗ ಗಾಡಿ ಕನ್ನಡಿಯಾಗಿತ್ತು. ಟೈರಿನವನು ತನ್ನ ಮೀಸೆ ತಿದ್ದಿಕೊಳ್ಳಲು ಬಂದ. ಪಂಪಿನವನು ಕೋಲು ಬದಿಗಿಟ್ಟು ಬಾನೆಟ್ಟಿಗೆ ಎರಡೂ ಕೈ ಊರಿ ಬಹಳ ಹೊತ್ತು ನಿಂತಿದ್ದ. ಅವನ ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಚೆನ್ನಾಗಿದೆ ಎಂದಷ್ಟೇ ಹೇಳಿದಳು.

ಆ ಗೆಲುವಿನ ಹುಮ್ಮಸ್ಸಿನಲ್ಲೇ ಹೊಳಪಮ್ಮ ಮೂರನೆಯ ಸಲ ಗೊತ್ತಾದ ದಿನಕ್ಕೆ ತಪ್ಪಿಸಿಕೊಳ್ಳದೆ ಹೋದಳು. ಬಲಗಣ್ಣಿಗೆ ಮೊದಲು ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ನರ್ಸಿನ ಕಾಲಬಳಿ ಇದ್ದ ಪ್ಲಾಸ್ಟಿಕ್ ಬಕೆಟ್ಟು. ಅಷ್ಟು ನೀಲಿಯಾದದ್ದನ್ನು ಅವಳು ಜನ್ಮದಲ್ಲಿ ನೋಡಿದ ನೆನಪಿರಲಿಲ್ಲ. ಆಮೇಲೆ ತಂಗಿಯ ಶಾಲು: ಕಂದು ಎಂದು ತಿಳಿದಿದ್ದದ್ದು ನೇರಳೆ. ಆಮೇಲೆ ಶಾಲಿನ ಮೇಲಿದ್ದ ಮುಖ.

"ನೀನು ಯಾವಾಗ ಇಷ್ಟು ಮುದುಕಿ ಆದೆ?" ಎಂದಳು ಹೊಳಪಮ್ಮ.

"ಮನೆಗೆ ಬಾ, ಕನ್ನಡಿ ತೋರಿಸ್ತೀನಿ," ಎಂದಳು ತಂಗಿ.

ಒಂದು ತಿಂಗಳು ದೂಳು, ನೀರು ಮುಟ್ಟಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಕೆಲಸವಿಲ್ಲದ ಆ ದಿನಗಳಲ್ಲಿ ಹೊಳಪಮ್ಮ ಮೂರನೆಯ ವಾರ, ಗುಂಡಿ ಮತ್ತು ದಾರ ತರಲು ಹೊರಟ ತಂಗಿಯ ಜೊತೆ ಪೇಟೆಗೆ ಹೋದಳು. ಪೈಪು, ನಲ್ಲಿ ಮಾರುವ ಅಂಗಡಿಯ ಮುಂದೆ ಒಂದು ನೀಲಿ ಪಿಕಪ್ ನಿಂತಿತ್ತು. ಸಂಜೆಗೆ ಮುಂಚಿನ ಆಕಾಶವನ್ನು ಬಟ್ಟೆಯ ಹಾಗೆ ಕತ್ತರಿಸಿ ಹೊದಿಸಿದಂತಿತ್ತು. ಯಾರದೋ ಗಾಡಿ ಎಷ್ಟು ಚೆಂದ ಎಂದುಕೊಂಡು ಅವಳು ಅಭ್ಯಾಸದಂತೆ ಅದರ ಮೈಮೇಲೆ ಕೈಯಿಟ್ಟಳು. ಟ್ಯಾಂಕಿನ ಮುಚ್ಚಳದ ಹಿಂದೆ ಹೆಬ್ಬೆರಳಗಲದ ತಗ್ಗೊಂದು ಸಿಕ್ಕಿತು. ಹತ್ತು ದಿನ ಸವರಿ ಸವರಿ ಕೈಗೆ ಗೊತ್ತಿದ್ದ ತಗ್ಗು ಅದು. ಅವಳ ಕೈ ಅಲ್ಲೇ ನಿಂತಿತು.

"ಇದು ನಾನು ಮಾಡಿದ ಗಾಡಿ ಕಣೇ."

"ಇದೇನಾ? ನಾನು ಊಟ ತಂದಾಗ ಬಣ್ಣವೇ ಮಾಸಿಹೋಗಿತ್ತು. ನೀನೂ ಬೂದು ಬಣ್ಣದ್ದು ಅಂತಿದ್ದೆಯಲ್ಲ?"

ಹೊಳಪಮ್ಮ ಇನ್ನೊಂದು ಕೈಯನ್ನೂ ಗಾಡಿಯ ಮೇಲಿಟ್ಟಳು. ಹತ್ತು ದಿನ ಹಗಲೆಲ್ಲ ಈ ನೀಲಿಯ ಜೊತೆಗಿದ್ದೂ ಇದು ತನಗೆ ಕಾಣಲಿಲ್ಲವೆಂಬುದು ಅವಳಿಗೆ ನಂಬಲಾಗಲಿಲ್ಲ. ಬಲಗಣ್ಣು ಮುಚ್ಚಿದಳು: ಗಾಡಿ ಬೂದಿಯಾಗಿ, ಅಂಚಿಲ್ಲದೆ, ಮಂಜಿನಲ್ಲಿ ನಿಂತಿತು. ತೆರೆದಳು: ನೀಲಿ. ಪೇಟೆಯ ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಕಣ್ಣು ಮುಚ್ಚಿ ತೆರೆದು ಮಾಡುತ್ತ, ಗಾಡಿಯ ಸುತ್ತ ನಡೆದು ಎಡಭಾಗಕ್ಕೆ ಬಂದಳು. ಅಲ್ಲಿ ಬಿಸಿಲು ನೇರ ಬಿದ್ದಿತ್ತು. ಬಾಗಿಲಿನ ಮೇಲೆ, ಹಿಡಿಕೆಯಿಂದ ಕೆಳಗಿನವರೆಗೆ, ಜೇಡರ ಬಲೆಯಂಥ ಸುರುಳಿ ಸುರುಳಿ ಗೆರೆಗಳು ಮಿಂಚುತ್ತಿದ್ದವು. ಮರಳು ಸಿಕ್ಕಿದ ಪ್ಯಾಡಿನ ಗೆರೆಗಳು ಅವು. ಕಲಿಯುವವರು ಮೊದಲ ವಾರ ಮಾಡುವ ತಪ್ಪು.

ಇದೊಂದೇ ಗಾಡಿಯೇ? ಮೂರು ವರ್ಷದಲ್ಲಿ ಕೈದಾಟಿಸಿದ ಗಾಡಿಗಳೆಲ್ಲ ಒಂದೊಂದಾಗಿ ನೆನಪಾದವು. ಅಷ್ಟರಲ್ಲಿ ಪಂಪಿನವನ ಹೆಂಡತಿ ಪೈಪಿನ ಸುರುಳಿ ಹೊತ್ತು ಅಂಗಡಿಯಿಂದ ಹೊರಗೆ ಬಂದಳು. ಹೊಳಪಮ್ಮ ನಮಸ್ಕಾರ ಕೂಡ ಹೇಳದೆ ಬಾಗಿಲಿನ ಕಡೆ ಕೈತೋರಿಸಿದಳು.

"ಇದನ್ನ ನೋಡಿದ್ರಾ?"

"ಗಾಡಿ ತಗೊಂಡು ಹೋದ ದಿನಾನೇ ನೋಡಿದೆ."

"ಮತ್ತೆ ಯಾಕಮ್ಮಾ ಹೇಳಲಿಲ್ಲ?"

ಆಕೆ ಪೈಪನ್ನು ತೊಟ್ಟಿಗೆ ಇಳಿಸಿ, ಕೈ ಕೊಡವಿಕೊಂಡು, ದನಿ ತಗ್ಗಿಸಿ ಹೇಳಿದಳು. "ಪುದೀನ ಕೊಡೋಕೆ ಬಂದಾಗ ನಾನು ಎದುರಿಗೇ ನಿಂತಿದ್ರೂ ಯಾರು ಅಂತ ಕೇಳಿದ್ರಿ. ಆಗಲೇ ಗೊತ್ತಾಯ್ತು. ನಮ್ಮನೆಯವರು ಮಲಗಿದ್ದಾಗ ನೋಡೋಕೆ ಬಂದವರೆಲ್ಲ, ಇನ್ನು ಇವನ ಕೈಲಿ ಏನೂ ಆಗಲ್ಲ ಅಂತ ಅವರ ಎದುರಿಗೇ ಹೇಳಿ ಹೋಗೋರು. ಅವರು ಗೋಡೆ ಕಡೆ ತಿರುಗಿ ಮಲಗೋರು. ಆ ಮಾತು ನಿಮಗೆ ನನ್ನ ಬಾಯಿಂದ ಬರೋದು ಬೇಡ ಅನ್ನಿಸ್ತು. ಗೆರೆ ತಾನೇ, ಇರಲಿ ಬಿಡಿ. ಗಾಡಿ ಓಡ್ತಿದೆ."

ಹೊಳಪಮ್ಮನ ಹೊಸ ಕಣ್ಣಲ್ಲಿ ನೀರು ತುಂಬಿತು. ಕಣ್ಣು ಒರೆಸಬಾರದೆಂದು ತಂಗಿ ಗದರಿದಳು. ಗೆರೆ ಇರುವುದು ಬೇಡ, ತಿಂಗಳು ಮುಗಿದ ಮರುದಿನವೇ ಗಾಡಿ ತರಬೇಕೆಂದು ಹೊಳಪಮ್ಮ ಹಟ ಹಿಡಿದು ಮಾತು ತೆಗೆದುಕೊಂಡಳು.

ಹಾಗೇ ಆಯಿತು. ಈ ಸಲ ಗಾಡಿಯ ಎಡಭಾಗವನ್ನು ಬೀದಿಯ ಕಡೆ ತಿರುಗಿಸಿ ನಿಲ್ಲಿಸಿದಳು. ಒಂದು ಕೈದೀಪವನ್ನು ಓರೆಯಾಗಿ ಹಿಡಿದು, ಹೊಸ ಪ್ಯಾಡ್ ಹಾಕಿ, ಅಂಗೈಯಗಲ ಅಂಗೈಯಗಲ ಜಾಗವನ್ನು ಮುಗಿಸುತ್ತ ಎರಡು ದಿನ ಕೂತಳು. ಗೆರೆಗಳು ಒಂದೊಂದಾಗಿ ನೀಲಿಯೊಳಗೆ ಕರಗಿಹೋದವು. ಅಷ್ಟಕ್ಕೇ ಸುಮ್ಮನಾಗದೆ ಶೆಡ್ಡಿನ ಮುಂದೆ ಒಂದು ಬೋರ್ಡು ತೂಗುಹಾಕಿದಳು: ನನಗೆ ಮೂರು ವರ್ಷ ಕಣ್ಣು ಕಾಣುತ್ತಿರಲಿಲ್ಲ, ಆಗ ಪಾಲಿಶ್ ಮಾಡಿಸಿಕೊಂಡವರು ಗಾಡಿ ತನ್ನಿ, ಮತ್ತೆ ಮಾಡಿಕೊಡುತ್ತೇನೆ. ನಿನಗೆ ತಲೆ ನೆಟ್ಟಗಿದೆಯೇ ಎಂದು ತಂಗಿ ಕೇಳಿದಳು. ಮೂರು ವರ್ಷ ಮುಚ್ಚಿಟ್ಟದ್ದನ್ನು ಅಕ್ಕ ತಾನೇ ಸಾಲಿಗೆಲ್ಲ ಸಾರಿದ್ದು ಅವಳಿಗೆ ಅರ್ಥವಾಗಲಿಲ್ಲ.

ಹೆದರಿದ ಹಾಗೆ ಯಾರೂ ದೂರ ಹೋಗಲಿಲ್ಲ. ಹದಿನಾಲ್ಕು ಗಾಡಿಗಳು ಬಂದವು. ಒಂಬತ್ತರಲ್ಲಿ ಗೆರೆಗಳಿದ್ದವು, ಐದರಲ್ಲಿ ಎಷ್ಟು ಹುಡುಕಿದರೂ ಒಂದೂ ಇರಲಿಲ್ಲ. ಆ ಐದನ್ನು ಅವಳು ಸುಮ್ಮನೆ ಸವರಿ ಕಳಿಸಿದಳು, ಒಳಗೊಳಗೇ ಬೀಗಿದಳು. ಹಾಲಿನವನೊಬ್ಬ ಮಾತ್ರ ತನ್ನ ಸ್ಕೂಟರಿನ ಗೆರೆಗಳನ್ನು ಮುಟ್ಟಗೊಡಲಿಲ್ಲ. ಇಷ್ಟು ದಿನ ಇದು ಡಿಸೈನ್ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ, ಈಗ ತೆಗೆದರೆ ನನ್ನ ಮಾನ ಏನಾಗಬೇಕು ಎಂದು ವಾದಕ್ಕೆ ನಿಂತ.

ಎಡಗಣ್ಣಿನ ಆಪರೇಷನ್ನನ್ನು ಅವಳು ಒಂದು ವಾರ ಮುಂದೂಡಿಸಿಕೊಂಡಳು. ಈ ಸಲ ಹೆದರಿಕೆಯೇನೂ ಇರಲಿಲ್ಲ. ಆ ವಾರ ಬೆಳಗ್ಗೆ ಬೆಳಗ್ಗೆ ಶೆಡ್ಡಿನ ಮೆಟ್ಟಿಲ ಮೇಲೆ ಕೂತು, ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿ, ಅಂಚಿಲ್ಲದ ಬೀದಿಯನ್ನೂ ನೆರಳಾಗಿ ಬರುವ ಜನರನ್ನೂ ಸುಮ್ಮನೆ ನೋಡುತ್ತಿದ್ದಳು. ಮೂರು ವರ್ಷ ಬಾಳಿದ ಮನೆಯನ್ನು ಬಿಡುವಾಗಲೂ ಒಮ್ಮೆ ಕೋಣೆ ಕೋಣೆ ತಿರುಗಿ ನೋಡುತ್ತೇವಲ್ಲ, ಹಾಗೆ ಎಂದು ತಂಗಿಗೆ ಹೇಳಿದಳು. ವಾರ ಮುಗಿದ ಮೇಲೆ ಹೋಗಿ ಅದನ್ನೂ ಮಾಡಿಸಿಕೊಂಡು ಬಂದಳು.

ಅದೆಲ್ಲ ವಾಸಿಯಾದ ಮೇಲೆ ಒಂದು ಮಧ್ಯಾಹ್ನ ಪಂಪಿನವನು ತಾನೇ ಗಾಡಿ ಓಡಿಸಿಕೊಂಡು ಬಂದ. ಊರಾಚೆಯ ಜಲಾಶಯದಲ್ಲಿ ಒಂದು ಪಂಪು ನೋಡುವುದಿತ್ತು. ಬರುತ್ತೀರಾ ಎಂದು ಕರೆದ. ಇಪ್ಪತ್ತೆರಡು ವರ್ಷದಲ್ಲಿ ಹೊಳಪಮ್ಮ ತಾನು ಮಾಡಿದ ಗಾಡಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅವನ ಹೆಂಡತಿ ತೊಟ್ಟಿಯಲ್ಲಿ ಚಾಪೆ ಹಾಸಿಕೊಂಡು ಕೂತಳು. ಇವಳನ್ನು ಮುಂದೆ ಹತ್ತಿಸಿದರು. ಗ್ಯಾರೇಜುಗಳ ಸಾಲು ಹಿಂದೆ ಸರಿಯಿತು. ಅವಳು ರಸ್ತೆಯ ಕಡೆ ನೋಡಲೇ ಇಲ್ಲ. ಬಾನೆಟ್ಟಿನ ಮೇಲೆ ಮರಗಳು ತಲೆಕೆಳಗಾಗಿ ಹರಿದುಬರುತ್ತಿದ್ದವು, ತಂತಿಗಳು ತೇಲುತ್ತಿದ್ದವು, ಒಂದು ಬಿಳಿ ಮೋಡ ಜೊತೆಜೊತೆಗೇ ಬಂತು.

"ಇನ್ನೂ ಸ್ವಲ್ಪ ನಿಧಾನ ಹೋಗಪ್ಪಾ," ಎಂದಳು.

ಪಂಪಿನವನು ಗೇರು ಇಳಿಸಿದ.