ಎದುರಿಗೆ ಒಂದೇ ಲೈಟು

ಕಲಘಟಗಿ ತಲುಪಿದಾಗ ಸಂಜೆಯಾಗಿತ್ತು. ಬೈಕಿನ ಹಳೇ ಬಲ್ಬಿನ ಮಂಕು ಬೆಳಕನ್ನು ನಂಬಿ ಮುಂದೆ ಹೋಗಲು ಹೆದರಿ, ಗ್ಯಾರೇಜೊಂದರಲ್ಲಿ ಎಲ್‌ಇಡಿ ಹಾಕಿಸಿದೆ. ಮಿಸ್ತ್ರಿ ಖಾದರಸಾಬರು ಲೈಟು ಹಚ್ಚಿ, ಹತ್ತು ಹೆಜ್ಜೆ ದೂರ ಹೋಗಿ ತಾವೇ ಅದರ ಮುಂದೆ ನಿಂತರು. ಬೆಳಕು ತಮ್ಮ ಸೊಂಟದ ಮಟ್ಟಕ್ಕೆ ಇಳಿಯುವ ತನಕ ಮತ್ತೆ ಮತ್ತೆ ಬಂದು ಸ್ಕ್ರೂ ತಿರುಗಿಸಿದರು.

“ಈಗ ಕಬ್ಬಿನ ಹಂಗಾಮರಿ. ಎದುರಿಗೆ ಒಂದ ಲೈಟ್ ಕಂಡ್ರ ಬೈಕ್ ಅಂತ ತಿಳೀಬ್ಯಾಡ್ರಿ. ಒಂದ ಲೈಟಿನ ಟ್ರ್ಯಾಕ್ಟರ್ ಭಾಳ ಅದಾವು. ರಸ್ತಾ ಬಿಟ್ಟು ಇಳೀರಿ.”

ದುಮ್ಮವಾಡದ ದಾರಿಯಲ್ಲಿ ಅಂಥದೇ ಒಂಟಿ ಲೈಟು ಎದುರಾಯಿತು. ಮಣ್ಣಿಗಿಳಿದು ನಿಂತೆ. ಆ ಲೈಟೂ ರಸ್ತೆ ಬಿಟ್ಟು ಇಳಿದು ನಿಂತಿತು. ಇಂಜಿನ್ ಆರಿಸಿದರೆ ಬೆಳಕೂ ಹೋದೀತೆಂದು ಹಾಗೇ ಕಾದೆ. ಅದೂ ಕಾಯಿತು. ಕೊನೆಗೆ ಆ ಕಡೆಯಿಂದ ಹೆಂಗಸೊಬ್ಬಳು ಕೂಗಿದಳು:

“ಟ್ರ್ಯಾಕ್ಟರ್ ಏನ್ರಿ?”

“ಅಲ್ರಿ, ಬೈಕ್! ನಿಮ್ಮದು?”

“ನಮ್ದೂ ಬೈಕರಿ!”

ಉಸಿರು ಬಿಟ್ಟು, ನಗುತ್ತಲೇ ಗೇರ್ ಹಾಕಿ ರಸ್ತೆಗೆ ಏರಿದೆ. ಆಕೆ ಚೀರಿದಳು:

“ಏರಬ್ಯಾಡ್ರಿ! ನಿಮ್ಮ ಹಿಂದ ಒಂದ ಲೈಟ್ ಬರಾಕತ್ತೈತಿ!”