ಖಜಾನೆ ತಾತ ಮಾಡಿಸಿದ ಮಂಚಗಳು

ಫೈಲು ಕಟ್ಟುವ ಹಸಿರು ಟ್ಯಾಗ್ ದಾರದಲ್ಲಿ ಕನ್ನಡಕ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡವರನ್ನು ನಾನು ಕಂಡಿದ್ದು ಅವರೊಬ್ಬರನ್ನೇ. ಯಾರಾದರೂ ನಕ್ಕರೆ, ದಾರ ಆಫೀಸಿನದಲ್ಲ, ಸ್ವಂತ ದುಡ್ಡಿನದು ಎಂದು ಮೊದಲು ಹೇಳುತ್ತಿದ್ದರು. ಖಜಾನೆಯಲ್ಲಿ ಬಿಲ್ಲು ಪಾಸು ಮಾಡುತ್ತಲೇ ನಿವೃತ್ತರಾದವರು. ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಪಕ್ಕದ ಮನೆಯವರು. ಓಣಿಗೆಲ್ಲ ಖಜಾನೆ ತಾತ.

ಬೀದಿದೀಪ ಹಗಲು ಉರಿದರೆ ತಾತನಿಗೆ ಮೈಯೆಲ್ಲ ಉರಿಯುತ್ತಿತ್ತು. “ಯಾರಪ್ಪನ ಗಂಟು ಅಂತ ಉರಸ್ತೀರಿ?” ಎಂದು ಪಾಲಿಕೆಯವರಿಗೆ ಫೋನ್ ಹಚ್ಚುತ್ತಿದ್ದರು. ಸಿಟ್ಟು ನೆತ್ತಿಗೇರಿದರೆ ಮಾತು ತೆಲುಗಿಗೆ ತಿರುಗುತ್ತಿತ್ತು. ಇಂಥವರು ಖರ್ಚು ಮಾಡಲಿಲ್ಲವೆಂದು ನನ್ನನ್ನು ಬೈದರು ಅಂದರೆ ಯಾರು ನಂಬುತ್ತಾರೆ?

ಆಗ ನಾನು ಸಿರುಗುಪ್ಪದ ಒಂದು ಬಾಲಕಿಯರ ಹಾಸ್ಟೆಲಿಗೆ ಹೊಸ ವಾರ್ಡನ್. ಹುಡುಗಿಯರು ನೆಲದ ಮೇಲೆ ಮಲಗುತ್ತಿದ್ದರು. ಸುತ್ತ ಗದ್ದೆ, ಚೇಳಿನ ಕಾಟ. ಮಂಚಕ್ಕೆಂದು ಅನುದಾನ ಬಂತು. ನಾನು ಮಹಾ ಪ್ರಾಮಾಣಿಕಳಲ್ಲವೇ! ಇನ್ನೂ ಅಗ್ಗಕ್ಕೆ ಸಿಗಲಿ ಎಂದು ಕಾಯುತ್ತಾ ಕೂತೆ. ಮಾರ್ಚ್ ಮುಗಿಯಿತು. ತಾತನ ಮುಂದೆ ಬೀಗಿದೆ: “ಒಂದು ಪೈಸಾ ಮುಟ್ಟಿಲ್ಲ ತಾತಾ. ಎಲ್ಲಾ ಹಂಗ ಉಳಿಸೀನಿ.”

ತಾತ ಚಹಾ ಕೆಳಗಿಟ್ಟರು.

“ಎಲ್ಲಿ ಉಳಿಸೀಯವ್ವಾ? ಮೂವತ್ತೊಂದಕ್ಕ ರೊಕ್ಕ ವಾಪಸ್ ಹೋತು! ಮಂಚಕ್ಕಂತ ಕೊಟ್ಟಿದ್ದು ಮಂಚ ಆಗಬೇಕು. ಹುಡಿಗ್ಯಾರ್ನ ಇನ್ನೊಂದು ವರ್ಷ ನೆಲದ ಮ್ಯಾಲ ಮಲಗಿಸೀದಿ, ಅಷ್ಟ ನೀ ಮಾಡಿದ್ದು.”

ಮುಂದಿನದೆಲ್ಲ ತೆಲುಗು. ನಾನು ಅತ್ತುಬಿಟ್ಟೆ. ಮನೆಯಲ್ಲಿ ಉಳಿದ ದುಡ್ಡು ಡಬ್ಬಿಯಲ್ಲೇ ಇರುತ್ತದಲ್ಲ, ಸರ್ಕಾರದ್ದೂ ಹಾಗೇ ಅಂದುಕೊಂಡಿದ್ದೆ.

ಆ ಮಳೆಗಾಲದಲ್ಲಿ ರಾರಾವಿ ಊರಿನ ಹುಡುಗಿಯೊಬ್ಬಳಿಗೆ ಚೇಳು ಕುಟುಕಿತು. ದೇವರ ದಯೆ, ಗುಣವಾಯಿತು. ಆದರೆ ಕೂಲಿ ಬಿಟ್ಟು ಓಡಿ ಬಂದ ಅವಳ ತಾಯಿ, “ಸಾಲಿ ಬ್ಯಾಡ್ರಿ ಮೇಡಂ, ಮನಿಗೆ ಕರ್ಕೊಂಡು ಹೋಗ್ತೀನಿ” ಎಂದು ಹಟ ಹಿಡಿದಳು. ನಾನು ಕೈ ಮುಗಿದೆ. “ಯುಗಾದಿಯೊಳಗ ಮಂಚ ಬರ್ತಾವ. ಬರಲಿಲ್ಲಂದ್ರ ಕರ್ಕೊಂಡು ಹೋಗವ್ವ.”

ಅಂದೇ ಬಳ್ಳಾರಿಗೆ ಬಂದು ತಾತನ ಬಾಗಿಲು ಬಡಿದೆ. ಬೈಯಲಿಲ್ಲ, ಹಾಳೆ ಕೊಟ್ಟರು. “ಪೂರಕ ಅಂದಾಜು ಅಂತ ಐತಿ. ವರ್ಷದ ನಡುವ ಮತ್ತ ರೊಕ್ಕ ಕೇಳಾಕ ಬರ್ತೈತಿ. ಮೊದಲು ತಪ್ಪು ನಂದು ಅಂತ ಬರಿ. ಆಮ್ಯಾಲ ಎಷ್ಟು ಮಂದಿ, ಎಷ್ಟು ಮಂಚ, ಯಾಕ ಬೇಕು, ಎಲ್ಲಾ ಬರಿ.” ತಪ್ಪು ಒಪ್ಪಿಕೊಂಡು ಬರೆದೆ. ಆಫೀಸಿಗೆ ಅಲೆದು ಚಪ್ಪಲಿ ಸವೆಯಿತು. ಜನವರಿಯಲ್ಲಿ ಮಂಜೂರಾಯಿತು.

ಮೂರು ಕೊಟೇಶನ್ ತರಿಸಿ ಕುರುಗೋಡಿನ ವೆಲ್ಡಿಂಗ್ ಅಂಗಡಿಗೆ ಕೆಲಸ ಕೊಟ್ಟೆ. ತಾತ ನನ್ನ ಜೊತೆ ಬಸ್ಸು ಹತ್ತಿ ಬಂದು ಒಂದೊಂದೇ ಮಂಚದ ಕಾಲು ಅಲ್ಲಾಡಿಸಿದರು. ಸಾಲದೆಂದು ಅಂಗಡಿಯಲ್ಲೇ ಒಂದರ ಮೇಲೆ ಮಲಗಿ ಹೊರಳಾಡಿದರು. ನಾನು ನಾಚಿಕೆಯಿಂದ ರಸ್ತೆ ನೋಡುತ್ತಾ ನಿಂತೆ. ಮಂಚ ಹಾಸ್ಟೆಲ್ ಸೇರಿ, ಮಾರ್ಚ್ ಮುಗಿಯುವ ಮೊದಲೇ ಬಿಲ್ಲು ಪಾಸಾಯಿತು.

ಮಂಚ ಇಳಿಸಿದ ದಿನ ತಾತನೂ ಹಾಸ್ಟೆಲಿನಲ್ಲಿದ್ದರು. ರಾರಾವಿಯ ಹುಡುಗಿ ಕಬ್ಬಿಣ ಸವರುತ್ತಾ ಕೇಳಿದಳು: “ಸರಕಾರದವರು ಪುಕ್ಕಟೆ ಕೊಟ್ಟಾರೇನು ತಾತಾ?”

“ಪುಕ್ಕಟೆ ಎಲ್ಲಿದವ್ವಾ! ನಿಮ್ಮವ್ವ ಕೊಟ್ಟಾಳ. ಸೋಪು, ಪೇಸ್ಟು ತಂದಾಗೆಲ್ಲ ಅಕಿ ತೆರಿಗಿ ಕಟ್ಯಾಳ. ನಾಕು ಮಂದೀದು ಕೂಡಿ ಮಂಚ ಆಗೇತಿ.”

ಯುಗಾದಿಗೆ ಎರಡು ದಿನವಿರುವಾಗ ತಾತ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಸ್ವಂತ ತಾತ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಬೈದು ಬುದ್ಧಿ ಕಲಿಸುವವರು ಇನ್ನಾರು ಸಿಗುತ್ತಾರೆ?

ಹಬ್ಬ ಕಳೆದ ಮೇಲೆ ರಾರಾವಿಯ ಆ ತಾಯಿ ಹಾಸ್ಟೆಲಿಗೆ ಬಂದಳು. ಸೀರೆಯ ಅಂಚಿಗೆ ಗದ್ದೆಯ ಕೆಸರು ಒಣಗಿತ್ತು. ಮಂಚ ಹೊಲಸಾದೀತೆಂದು ನೆಲಕ್ಕೆ ಕೂರಲು ಹೋದಳು. ಮಗಳು ರಟ್ಟೆ ಹಿಡಿದು ಎಬ್ಬಿಸಿದಳು.

“ಮ್ಯಾಲ ಕುಂದ್ರಬೇ. ನೀನ ಕೊಟ್ಟಿದ್ದು.”

ತಾಯಿ ನನ್ನ ಮುಖ ನೋಡಿದಳು. “ಖರೇನವ್ವ” ಅಂದೆ. ಮಂಚದ ಮೇಲೆ ಕೂತು ಮಗಳಿಗೆ ಜಡೆ ಹಾಕಿದಳು, ಆಮೇಲೆ ಒಬ್ಬಳೇ ಊರಿನ ಬಸ್ಸು ಹತ್ತಿದಳು.