ಯಮನವ್ವನ ಝಡತಿ

ಕರಜಗಿಯ ಯಮನವ್ವ ಹಟಮಾರಿ. ಅವಳನ್ನು ಕಂಡರಾಗದವರು ಇದನ್ನು ಬೈಗುಳವಾಗಿ ಹೇಳುತ್ತಿದ್ದರು, ನಾನು ಹೊಗಳಿಕೆಯಾಗಿ ಹೇಳುತ್ತೇನೆ. ಜತ್ತ ಸಂಸ್ಥಾನ ಇನ್ನೂ ವಿಲೀನವಾಗಿರದ ಕಾಲ. ಊರ ಹೊರಗೆ ಸೀಮೆಯ ಮೇಲೆ ಸುಂಕ ವಸೂಲಿಯ ಜಕಾತಿ ನಾಕಾ ಇತ್ತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಅಲ್ಲಿ ಕೆಲಸ ಸಿಕ್ಕಿತು. ಸೀಮೆ ದಾಟುವ ಹೆಂಗಸರ ಮೈ, ಗಂಟು ತಡಕಿ ನೋಡುವುದು. ಅದಕ್ಕೆ ಝಡತಿ ಎನ್ನುತ್ತಿದ್ದರು. ಬೆಳ್ಳಿ ಬಂಗಾರ ಬಚ್ಚಿಡಲು ಸೀರೆಯ ಉಡಿಗಿಂತ ಒಳ್ಳೆಯ ಜಾಗವಿಲ್ಲ, ಹಾಗಾಗಿ ಅವಳ ಕೈ ಮೊದಲು ಅಲ್ಲಿಗೇ ಹೋಗುತ್ತಿತ್ತು.

ನಲವತ್ತೇಳರ ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ವಿಜಾಪುರದ ಕಡೆ ಹೊರಟ ಮೋಟಾರೊಂದು ನಾಕಾದಲ್ಲಿ ನಿಂತಿತು. ಒಳಗೆ ಹೊಸ ಸೀರೆಯುಟ್ಟ ಒಬ್ಬ ಹುಡುಗಿ. ಜತೆಗಿದ್ದ ಕೋಟಿನವ ಇಳಿದು ಬಂದ.

"ಕುಣಿಕೋಣೂರದಾಕಿ, ನನ್ನ ತಮ್ಮನ ಹೆಂಡತಿ. ಮೊದಲ ಸಲ ಗಂಡನ ಮನಿಗಿ ಕರಕೊಂಡು ಹೊಂಟೀನಿ," ಎಂದ.

ಯಮನವ್ವ ಹುಡುಗಿಯನ್ನು ತಟ್ಟಿಯ ಮರೆಗೆ ಕರೆದೊಯ್ದು ಉಡಿಗೆ ಕೈ ಹಾಕಿದಳು. ಖಾಲಿ. ಬೆಳ್ಳಿ ಇಲ್ಲ, ಸರಿ. ಆದರೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು? ನಮ್ಮ ಕಡೆ ಎಂಥ ಬಡವರೂ ಉಡಿ ತುಂಬದೆ ಮಗಳನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಪಟ್ಟಣದಿಂದ ಬಂದ ಆ ಕೋಟಿನ ಕಳ್ಳನಿಗೆ ಸೀರೆ ಕೊಡಿಸುವ ಬುದ್ಧಿ ಇತ್ತು, ಉಡಿ ತುಂಬಿಸುವುದು ಹೊಳೆದಿರಲಿಲ್ಲ.

"ನಿನ್ನ ಉಡಿ ಯಾರೂ ತುಂಬಿಲ್ಲೇನ ತಂಗಿ?"

"ಯಾಕ ತುಂಬ್ತಾರ್ರಿ? ನನ್ನ ಲಗ್ನಾನ ಆಗಿಲ್ಲ. ಮುಂಬೈದಾಗ ಗಿರಣಿ ಕೆಲಸ ಕೊಡಸ್ತಾರಂತ ಚಿಗವ್ವ ಕಳಿಸ್ಯಾಳ," ಎಂದಳು ಹುಡುಗಿ. ಅವಳ ಹೆಸರು ಕಾಳವ್ವ.

ಮುಂಬಯಿಯಲ್ಲಿ ಇಂಥ ಹುಡುಗಿಯರಿಗೆ ಎಂಥ ಗಿರಣಿ ಕಾದಿರುತ್ತದೆಂದು ಯಮನವ್ವನಿಗೆ ಗೊತ್ತಿತ್ತು. ನೆಟ್ಟಗೆ ನಾಕೇದಾರ ದಸ್ತಗೀರಸಾಬನ ಮುಂದೆ ನಿಂತು ಎಲ್ಲ ಹೇಳಿದಳು. ಅವನ ಮುಖ ಬಾಡಿತು.

"ಖರೆ ಅದ ಯಮನವ್ವ. ಆದ್ರ ಕಳ್ಳ ಮಾಲ ಸಿಕ್ರ ಅಷ್ಟ ನಾವು ಗಾಡಿ ಜಪ್ತ ಮಾಡಬಹುದು. ಮಂದಿನ್ನ ಸಾಗಸೋರನ್ನ ಹಿಡಿಯೋ ಅಧಿಕಾರ ಪೊಲೀಸ ಫೌಜದಾರಗ ಅದ, ನಮಗಿಲ್ಲ. ಅವರು ಜತ್ತದಿಂದ ಬರೂತನಕ ಇವನ್ನ ಹೆಂಗ ನಿಲ್ಲಸ್ಲಿ?"

ಉಪ್ಪಿನ ಚೀಲಕ್ಕಿದ್ದ ಕಾವಲು ಹುಡುಗಿಗಿರಲಿಲ್ಲ! ನೆನೆಸಿದರೆ ಈಗಲೂ ಮೈ ಉರಿಯುತ್ತದೆ.

"ಝಡತಿ ಮುಗಿಯೂತನಕ ಗಾಡಿ ಬಿಡೂಹಂಗಿಲ್ಲ, ಹೌದಲ್ಲರಿ? ನಂದಿನ್ನೂ ಮುಗಿದಿಲ್ಲ. ನೀವು ಲಗೂನ ಕುದರಿ ಕಳಸ್ರಿ."

ದಸ್ತಗೀರ ನಕ್ಕ. ಒಬ್ಬ ಸಿಪಾಯಿಗೆ ಎಲ್ಲ ತಿಳಿಸಿ, ಕುದುರೆ ಹತ್ತಿಸಿ, ಆಗಲೇ ಜತ್ತಕ್ಕೆ ಓಡಿಸಿದ.

ಯಮನವ್ವ ಹುಡುಗಿಯ ಗಂಟು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಕುಬಸದ ಹೊಲಿಗೆ ಬಿಚ್ಚಿ ನೋಡಿ, ಕುಳಿತು ಮತ್ತೆ ಹೊಲಿದಳು. ಬಿಸಿಲೇರಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಕೋಟಿನವ ಕೂಗಾಡತೊಡಗಿದ.

"ನಿನ್ನ ನೌಕರಿ ತೆಗಸ್ತೀನಿ, ಮುದುಕಿ!"

"ತೆಗಸಪ್ಪ. ಅಲ್ಲೀತನಕ ಕುಂದ್ರು."

ಸಂಜೆಗೆ ಫೌಜದಾರ ಬಂದ. ಬರುವಾಗ ಕುಣಿಕೋಣೂರದಿಂದ ಚಿಗವ್ವನನ್ನೂ ಕರೆತಂದಿದ್ದ. ಅವಳ ಎದುರಿಗೆ ತಮ್ಮನ ಹೆಂಡತಿಯ ಕತೆ ನಿಲ್ಲಲಿಲ್ಲ, ಕೋಟಿನವನ ಕೈಗೆ ಬೇಡಿ ಬಿತ್ತು. ಗಿರಣಿ ಕೆಲಸವೆಂದು ನಂಬಿದ್ದೆ ಎಂದು ಚಿಗವ್ವ ಆಣೆ ಹಾಕಿದಳು. ನಂಬುವವರು ನಂಬಲಿ.

"ಹುಡುಗಿನ್ನ ಯಾರ ತಾಬಾಕ ಕೊಡೋದು? ಕಾಗದದಾಗ ಯಾರ ಹೆಸರ ಬರೀಲಿ?" ಎಂದ ಫೌಜದಾರ. ಚಿಗವ್ವ ಆಗಲೇ ಕಾಳವ್ವನ ರಟ್ಟೆ ಹಿಡಿದಿದ್ದಳು.

"ಆಕಿನ್ನ ಕೇಳ್ರಿ, ಸಾಹೇಬ್ರ," ಎಂದಳು ಯಮನವ್ವ.

ಎಲ್ಲರೂ ತಿರುಗಿ ನೋಡಿದರು. ಸೀರೆ ಉಡಿಸುವಾಗ, ಮೋಟಾರು ಹತ್ತಿಸುವಾಗ ಯಾರೂ ಆ ಹುಡುಗಿಯನ್ನು ಏನೂ ಕೇಳಿರಲಿಲ್ಲ. ಅವಳು ಚಿಗವ್ವನ ಕೈ ಕೊಡವಿ, "ನಾ ಇವರ ಮನಿಗಿ ಹೋಗ್ತೀನ್ರಿ," ಎಂದು ಯಮನವ್ವನನ್ನು ತೋರಿಸಿದಳು.

ಯಮನವ್ವ ಇದನ್ನು ಎಣಿಸಿರಲಿಲ್ಲ. ಅವಳ ಕಣ್ಣು ತುಂಬಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಫೌಜದಾರನಿಗೆ ಹೇಳಿದಳು: "ಬರಕೋರಿ ನನ್ನ ಹೆಸರ."